ಇಳಿ ಇಲ್ಲದ ಸೌತೆಕಾಯಿ

ಎದುರು ಗೋಡೆಯ ಬೋರ್ಡಿನಲ್ಲಿ ಬಣ್ಣ ಉದುರಿದೆ, ದಯವಿಟ್ಟು ಇಲ್ಲಿ ಕಯಿರಿ, ಕಾಯಿರಿ ಅಲ್ಲ, ಕಯಿರಿ, ಕ ಇಳಿ ಕಾ ಎಂದು ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಾರಲ್ಲ ಆ ಇಳಿ, ಅದೊಂದೇ ಉದುರಿದೆ, ದಿನಕ್ಕೆ ನೂರು ಜನ ಇದರ ಕೆಳಗೆ ಕೂತೆದ್ದು ಹೋಗುತ್ತಾರೆ, ಯಾರ ಕಣ್ಣಿಗೂ ಚುಚ್ಚುವುದಿಲ್ಲ, ನನಗೆ ಚುಚ್ಚುತ್ತದೆ, ಇಪ್ಪತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಬಂದವನಿಗೆ ಗೋಡೆಯೂ ಒಂದು ಪುಟವೇ, ಎದ್ದು ಹೋಗಿ ಜೇಬಿನ ಕೆಂಪು ಪೆನ್ನಿನಿಂದ ಸರಿಮಾಡಿಬಿಡೋಣ ಎನಿಸುತ್ತದೆ, ಆದರೆ ತೊಡೆಯ ಮೇಲೆ ಹೆಂಡತಿಯ ಬ್ಯಾಗಿದೆ, ಅವಳು ಡಾಕ್ಟರ ಕೋಣೆಯೊಳಗಿದ್ದಾಳೆ, ಬಾಗಿಲು ಮುಚ್ಚಿದೆ, ನೀವು ಇಲ್ಲೇ ಕೂತಿರಿ, ಒಳಗೆ ಬಂದು ಡಾಕ್ಟರಿಗೇ ಪಾಠ ಹೇಳೋಕೆ ಶುರು ಮಾಡ್ತೀರಿ, ಎಂದಳು, ನಗುತ್ತಲೇ ಎಂದಳು, ನಾನೂ ನಕ್ಕೆ, ಮೂರು ತಿಂಗಳಲ್ಲಿ ನಾನು ಕಲಿತದ್ದು ಆ ಡಾಕ್ಟರಿಗೆ ಗೊತ್ತಿದ್ದರೆ ಸಾಕು ಎಂದುಕೊಂಡೆ, ಒಂದು ಚಮಚ ಜೇನಿನಲ್ಲಿ ಎಷ್ಟು ಸಕ್ಕರೆ, ಒಂದು ಆಲೂಗಡ್ಡೆ ಹೊಟ್ಟೆಗೆ ಹೋಗಿ ಏನಾಗುತ್ತದೆ, ಬಿಸ್ಕತ್ತಿನ ಪೊಟ್ಟಣದ ಹಿಂದಿನ ಇರುವೆಯಂಥ ಅಕ್ಷರಗಳಲ್ಲಿ ಏನು ಬರೆದಿರುತ್ತಾರೆ, ಎಲ್ಲ ಓದಿದ್ದೇನೆ, ಓದುವುದೊಂದೇ ತಾನೇ ನನಗೆ ಬರುವುದು. ಮೂರು ತಿಂಗಳ ಹಿಂದೆ ಇದೇ ಕುರ್ಚಿ, ಆಗ ಇಬ್ಬರೂ ಒಳಗೆ ಹೋಗಿದ್ದೆವು, ಕೊಲೆಸ್ಟ್ರಾಲ್ ಜಾಸ್ತಿ ಇದೆ, ಎದೆ ಉರಿಗೂ ತೂಕಕ್ಕೂ ನಂಟಿದೆ, ಬ್ರೆಡ್ಡು ಅನ್ನ ಸಕ್ಕರೆ ಆಲೂಗಡ್ಡೆ ಕಡಿಮೆ ಮಾಡಿ, ತೂಕ ಇಳಿಸಿ, ತಿಂದದ್ದೆಲ್ಲ ಒಂದು ಬುಕ್ಕಲ್ಲಿ ಬರೆದಿಡಿ, ಬುಕ್ಕು ನೋಡಿಯೇ ಮುಂದೇನು ಅಂತ ಹೇಳ್ತೀನಿ, ಸುಳ್ಳು ಬರೆದ್ರೆ ಔಷಧಿಯೂ ಸುಳ್ಳಾಗುತ್ತೆ ಅಷ್ಟೇ, ಎಂದಿದ್ದರು ಡಾಕ್ಟರು, ಆಗ ನಾನು ಅವಳ ಮುಖ ನೋಡಲಿಲ್ಲ, ನನ್ನ ಕಣ್ಣ ಮುಂದೆ ಅವಳ ಅಣ್ಣನಿದ್ದ, ನಲವತ್ತೊಂಬತ್ತಕ್ಕೆ ಹೋದ, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿ ಮುಂದೆಯೇ ಕುಸಿದ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಬಿಳಿ ನೊರೆ ಹಾಗೇ ಇತ್ತು, ಆ ನೊರೆಯನ್ನು ಟವೆಲಿನಲ್ಲಿ ಒರೆಸಿದವನು ನಾನೇ, ಅವಳಿಗೀಗ ನಲವತ್ತೆಂಟು, ನನಗೆ ಭಯ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ, ಹೇಳುವ ಬದಲು ಅಡುಗೆಮನೆಗೆ ನುಗ್ಗಿದೆ.

ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದೆ, ಡಬ್ಬಿ ಸಮೇತ, ಹಾಗೆ ಕೊಡುವಾಗ ತ್ಯಾಗ ಮಾಡಿದವನ ಹಾಗೆ ಎದೆ ಉಬ್ಬಿಸಿದ್ದೆ, ಯಾಕೆಂದರೆ ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕಾಗಿದ್ದದ್ದು ಅವಳಿಗಲ್ಲ, ನನಗೆ, ಅವಳೊಬ್ಬಳೇ ಬಾಯಿ ಕಟ್ಟಬಾರದು, ನಾನೂ ಬಿಡುತ್ತೇನೆ ಎಂದೆ, ಬಿಟ್ಟೆ, ಹೂಕೋಸು ತುರಿದು ಅದನ್ನೇ ಅನ್ನ ಎಂದು ಕರೆದೆವು, ಬಾದಾಮಿ ಹಿಟ್ಟಿನಲ್ಲಿ ಬ್ರೆಡ್ಡು ಮಾಡಿದೆ, ಮೊದಲನೆಯದು ಇಟ್ಟಿಗೆ ಆಯಿತು, ಎರಡನೆಯದು ಅರ್ಧ ಇಟ್ಟಿಗೆ, ನಿಜವಾದ ಇಟ್ಟಿಗೆ ಎರಡು ತಂದು ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಇಟ್ಟೆ, ಮಲಗಿದಾಗ ಹುಳಿ ಗಂಟಲಿಗೆ ಏರಬಾರದು ಎಂದು, ರೀ, ಜಾರುಬಂಡೆ ಮೇಲೆ ಮಲಗಿದ ಹಾಗಿದೆ ಎಂದು ನಕ್ಕಳು, ಬೆಳಿಗ್ಗೆ ಐದಕ್ಕೆ ಎದ್ದು ಅವಳ ಶಾಲೆಯ ಡಬ್ಬಿ ನಾನೇ ಕಟ್ಟಿದೆ, ಬೇಯಿಸಿದ ಮೊಟ್ಟೆ, ಬೀನ್ಸು, ಕೋಳಿಯ ಎರಡು ತುಂಡು, ಡಬ್ಬಿ ದಿನವೂ ಖಾಲಿ ಬರುತ್ತಿತ್ತು, ಮುಚ್ಚಳ ತೆಗೆದು ನೋಡುವಾಗ ನನಗಾಗುತ್ತಿದ್ದ ಸಂತೋಷ ಇದೆಯಲ್ಲ, ನಾಚಿಕೆಯಾಗುತ್ತದೆ ಈಗ ಹೇಳಿಕೊಳ್ಳಲು, ಅಲ್ಲ, ಈಗ ಯಾಕೆ ನಾಚಿಕೆ, ಇನ್ನೂ ಏನೂ ಆಗಿಲ್ಲ, ಬಾಗಿಲು ಮುಚ್ಚಿದೆ, ಅಷ್ಟೇ, ಕೌಂಟರಿನ ನರ್ಸು ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ಯಾರದೋ ಹೆಸರು ಕೂಗುತ್ತಿದ್ದಾಳೆ, ನಾನು ಬೆಲ್ಟಿನ ಹೊಸ ತೂತನ್ನು ಬೆರಳಿನಿಂದ ತಡವುತ್ತಿದ್ದೇನೆ, ಮೊಳೆ ಕಾಯಿಸಿ ನಾನೇ ಮಾಡಿಕೊಂಡದ್ದು, ಏಳು ಕಿಲೋ ಇಳಿದಿದ್ದೇನೆ, ಕಾಯಿಲೆ ಅವಳಿಗೆ, ಬೆಲ್ಟಿಗೆ ತೂತು ನನಗೆ, ಅವಳ ಮೈ ಸ್ವಲ್ಪವೂ ಇಳಿಯಲಿಲ್ಲ, ಹೆಂಗಸರ ಮೈ ನಿಧಾನಕ್ಕೆ ಇಳಿಯೋದು ಕಣ್ರೀ ಎಂದು ಆ ಡ್ರಾಯಿಂಗ್ ಟೀಚರೇ ಹೇಳಿದ್ದರು, ಅವಳ ಶಾಲೆಯ ಗೆಳತಿ, ನಮ್ಮ ಮನೆಯ ಮೇಜಿನ ಮುಂದೆ ಕೂತು, ನನ್ನ ಅರ್ಧ ಇಟ್ಟಿಗೆಯನ್ನು ಕಚ್ಚಿ, ಅಬ್ಬಬ್ಬಾ ಎಷ್ಟು ಚೆನ್ನಾಗಿದೆ, ನಿಮ್ಮಂಥ ಗಂಡ ಯಾರಿಗೆ ಸಿಗ್ತಾರೆ ಹೇಳಿ, ಎಂದು, ನಾನು ನಂಬಿ ಇನ್ನೊಂದು ತುಂಡು ಬಡಿಸಿದೆ, ಪಾಪ, ತಿಂದರು. ಎದೆ ಉರಿಯೂ ಹೋಯಿತಂತೆ, ಎರಡನೇ ತಿಂಗಳಲ್ಲೇ ಹೇಳಿದಳು, ಈಗ ಒಂಚೂರೂ ಉರಿ ಇಲ್ಲ ರೀ, ನಾನು ಅದನ್ನು ಮುದ್ರಣಾಲಯದಲ್ಲಿ ಎಲ್ಲರಿಗೂ ಸಾರಿಕೊಂಡು ಬಂದೆ, ಅಕ್ಷರ ಜೋಡಿಸುವವನಿಗೆ, ಬೈಂಡಿಂಗಿನವನಿಗೆ, ಸಂಜೆ ಅವಳು ಶಾಲೆಯಿಂದ ಬರುವಾಗ ಬಾಗಿಲಲ್ಲಿ ನಿಂತಿರುತ್ತಿದ್ದೆ, ಅವಳ ತುಟಿಯ ಅಂಚಿನಲ್ಲಿ ಬಿಳಿ ಪುಡಿ ಇರುತ್ತಿತ್ತು, ಸೀಮೆಸುಣ್ಣ, ಹೆಬ್ಬೆಟ್ಟಿನಿಂದ ಒರೆಸಿ ಏನು ಟೀಚರ್, ಪಾಠ ಮಾಡಿದ್ರೋ ಇಲ್ಲ ಬೋರ್ಡು ನೆಕ್ಕಿದ್ರೋ ಎನ್ನುತ್ತಿದ್ದೆ, ಅವಳು ನನ್ನ ಕೈ ಸರಿಸಿ ಒಳಗೆ ಹೋಗುತ್ತಿದ್ದಳು, ಆಮೇಲೆ ಬುಕ್ಕು ಮೇಜಿನ ಮೇಲೆ ಬರುತ್ತಿತ್ತು, ಮೊದಲ ವಾರದ್ದನ್ನು ನಾನೇ ಬರೆದು ತೋರಿಸಿದ್ದೆ, ದಿನಾಂಕ, ಹೊತ್ತು, ತಿಂದದ್ದು, ಉರಿ ಇದೆಯೇ ಇಲ್ಲವೇ, ಗೆರೆ ಹೊಡೆದು, ನನ್ನ ದುಂಡಗಿನ ಅಕ್ಷರದಲ್ಲಿ, ನೋಡು ಹೀಗೆ ಬರೀಬೇಕು ಎಂದಿದ್ದೆ, ಎರಡನೇ ವಾರದಿಂದ ಅವಳು ಬರೆದಳು, ನಾನು ದಿನವೂ ಸಂಜೆ ಕೆಂಪು ಪೆನ್ನಿನಿಂದ ಪಕ್ಕದಲ್ಲೊಂದು ಟಿಕ್ ಹಾಕಿದೆ, ಮಕ್ಕಳ ನೋಟ್‌ಬುಕ್ಕಿಗೆ ಅವಳು ಹಾಕುತ್ತಾಳಲ್ಲ ಹಾಗೆ.

ಬ್ಯಾಗಿನೊಳಗೆ ಏನೋ ನಡುಗುತ್ತಿದೆ, ಅವಳ ಫೋನು, ಬಿಡೋಣ, ನಿಲ್ಲುತ್ತದೆ, ನಿಂತಿತು, ಮತ್ತೆ ನಡುಗಿತು, ಪಕ್ಕದಲ್ಲಿ ಮಗುವನ್ನು ಮಲಗಿಸುತ್ತಿರುವ ಹೆಂಗಸು ತಿರುಗಿ ನೋಡಿದರು, ತೆಗೆದೆ, ಪರದೆಯ ಮೇಲೆ ಡ್ರಾಯಿಂಗ್ ಎಂದಿದೆ, ಅವಳು ಒಳಗಿದ್ದಾಳೆ ಎಂದು ಹೇಳಿ ಇಡೋಣ ಎಂದು ಕಿವಿಗಿಟ್ಟೆ, ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಶುರುವಾಯಿತು, ಏನೇ, ಮುಗೀತಾ, ನಿನ್ನ ತಿದ್ದುಪಡಿ ಪಕ್ಕದಲ್ಲೇ ಇದಾರಾ, ಇದ್ರೆ ಬರೀ ಹ್ಞೂಂ ಅನ್ನು ಸಾಕು, ಮಧ್ಯಾಹ್ನ ಬರ್ತೀಯ ತಾನೇ, ನಿನ್ನ ಎರಡು ಬನ್ನು ತೆಗೆದಿಟ್ಟಿದೀನಿ, ಕ್ರೀಮಿಂದೇ, ಡ್ರಿಲ್ ಮೇಷ್ಟ್ರು ಕಣ್ಣು ಹಾಕಿದ್ರು, ನಾನು ಬಿಡ್ಲಿಲ್ಲ, ಆಮೇಲೆ ನಿನ್ನ ನಾಯಿ ಬೆಳಿಗ್ಗೆಯಿಂದ ಗೇಟ್ ಹತ್ರ ಡಬ್ಬಿಗೆ ಕಾಯ್ತಾ ಕೂತಿದೆ ಕಣೇ, ಮೇಡಂ ಇವತ್ತು ಅರ್ಧ ದಿನ ರಜಾ ಅಂತ ಅದಕ್ಕೆ ಯಾರು ಹೇಳ್ಬೇಕು, ಹಲೋ, ಹಲೋ, ಕೇಳಿಸ್ತಾ ಇದೆಯೇನೇ. ಕೇಳಿಸಿತು. ಗುಂಡಿ ಒತ್ತಿ ಇಟ್ಟೆ. ನಾಯಿ. ಐದು ಗಂಟೆಗೆ ಎದ್ದು, ಮೊಟ್ಟೆಯ ಸಿಪ್ಪೆ ಒಂದು ಚೂರೂ ಉಳಿಯದ ಹಾಗೆ ಬಿಡಿಸಿ, ಕೋಳಿಯ ಮೂಳೆ ತೆಗೆದು, ಮೂಳೆ ತೆಗೆದದ್ದು ನಾಯಿಗೆ, ಮೂಳೆಯಾದರೂ ಇಟ್ಟಿದ್ದರೆ ಅದು ಖುಷಿಪಡುತ್ತಿತ್ತು, ನಗು ಬರುತ್ತಿದೆಯೋ ಏನು ಬರುತ್ತಿದೆಯೋ, ಗಂಟಲಿಗೆ ಹುಳಿ ಏರಿದ ಹಾಗಿದೆ, ಇದೇ ಇರಬೇಕು ಅವಳು ಹೇಳುತ್ತಿದ್ದ ಉರಿ, ತಿದ್ದುಪಡಿ ಎಂದರೆ ನಾನು, ನನಗೊಂದು ಅಡ್ಡಹೆಸರಿದೆ, ಇಡೀ ಸ್ಟಾಫ್ ರೂಮಿಗೆ ಗೊತ್ತು, ಡ್ರಿಲ್ ಮೇಷ್ಟ್ರಿಗೆ ಗೊತ್ತು, ಗೇಟಿನ ನಾಯಿಗೆ ಮಾತ್ರ ಗೊತ್ತಿಲ್ಲವೋ ಏನೋ, ಇಪ್ಪತ್ಮೂರು ವರ್ಷ ಪಕ್ಕದಲ್ಲಿ ಮಲಗಿದವನಿಗೆ ಗೊತ್ತಿಲ್ಲ, ನನ್ನನ್ನು ಎಷ್ಟು ಚೆನ್ನಾಗಿ ಮಂಗ ಮಾಡಿದ್ದಾರೆ, ಇಬ್ಬರೂ ಸೇರಿ, ನನ್ನ ಮನೆಯಲ್ಲೇ ಕೂತು, ಅಬ್ಬಬ್ಬಾ ಎಷ್ಟು ಚೆನ್ನಾಗಿದೆಯಂತೆ, ಇಲ್ಲ, ಇರು, ದುಡುಕಬೇಡ, ಆ ಟೀಚರು ತಮಾಷೆಯವರು, ಬನ್ನು ಯಾವತ್ತೋ ಒಂದು ದಿನದ್ದಿರಬಹುದು, ಬುಕ್ಕಿದೆಯಲ್ಲ, ಬುಕ್ಕಿನಲ್ಲಿ ಎಲ್ಲ ಇದೆ, ಮೂರು ತಿಂಗಳು, ಒಂದು ದಿನವೂ ಬಿಡದೆ, ನಾನೇ ಟಿಕ್ ಹಾಕಿದ್ದೇನೆ, ಬ್ಯಾಗಿನಲ್ಲಿ ಕೈಯಾಡಿಸಿದೆ, ಬಾಚಣಿಗೆ, ಬೀಗದ ಕೈ, ಅವಳ ಕೆಂಪು ಪೆನ್ನು, ಒಂದು ಹಾಳೆ ಮಾತ್ರೆ, ಅಗಲವಾದ ಮಾತ್ರೆಗಳು, ಹುಳಿತೇಗು ಎದೆಯುರಿಗೆ ಜಗಿದು ತಿನ್ನಿ ಎಂದು ಹಿಂದುಗಡೆ ಬರೆದಿದೆ, ಹತ್ತರಲ್ಲಿ ಎಂಟು ಖಾಲಿ, ಒಂದು ಅರ್ಧ ಮುರಿದು ಬಿಳಿ ಪುಡಿ ಬ್ಯಾಗಿನ ತಳವೆಲ್ಲ, ಬೆರಳ ತುದಿಗೆ ಹತ್ತಿತು, ಮೂಸಿದೆ, ಪುದೀನದ ವಾಸನೆ, ಸೀಮೆಸುಣ್ಣಕ್ಕೆ ಪುದೀನದ ವಾಸನೆ ಎಲ್ಲಿಂದ ಬರಬೇಕು, ದಿನವೂ ಬಾಗಿಲಲ್ಲಿ ನಿಂತು ಹೆಬ್ಬೆಟ್ಟಿನಿಂದ ಒರೆಸಿದೆನಲ್ಲ, ಮೂಗಿರಲಿಲ್ಲವೇ ನನಗೆ, ಉರಿ ಹೋಗಿರಲಿಲ್ಲ, ಉರಿಯುತ್ತಲೇ ಇತ್ತು, ಉರಿಯುತ್ತಿರುವ ಎದೆ ಹೊತ್ತು ನನ್ನೆದುರು ನಗುತ್ತಿದ್ದಳು, ಅವಳಣ್ಣನ ಕೆನ್ನೆಯ ಬಿಳಿ ನೊರೆ, ಇವಳ ತುಟಿಯ ಬಿಳಿ ಪುಡಿ, ಎರಡನ್ನೂ ಒರೆಸಿದ ಕೈ ಇದೊಂದೇ.

ಬುಕ್ಕು ತೆರೆದಿದ್ದೇನೆ, ಮೊದಲ ವಾರ ನನ್ನ ಅಕ್ಷರ, ಮಂಗಳವಾರ ಮಧ್ಯಾಹ್ನ, ಮೊಟ್ಟೆ ಎರಡು, ಸೌತೆಕಯಿ ಅರ್ಧ, ಉರಿ ಇಲ್ಲ, ಅರೆ, ಸೌತೆಕಯಿ, ಇಳಿ ಇಲ್ಲ, ನನ್ನ ಕೈಬರಹದಲ್ಲಿ ಇಳಿ ಬಿಟ್ಟುಹೋಗಿದೆ, ನನ್ನದು, ಇಪ್ಪತ್ತೆಂಟು ವರ್ಷ ಊರಿನವರ ಇಳಿ ಹುಡುಕಿದವನದು, ಅವಸರದಲ್ಲಿ ಬರೆದಿರಬೇಕು, ಇರಲಿ, ಎರಡನೇ ವಾರ, ಅವಳ ಅಕ್ಷರ, ಸಣ್ಣದು, ಎಡಕ್ಕೆ ಬಾಗಿದ್ದು, ಮಂಗಳವಾರ, ಮೊಟ್ಟೆ ಎರಡು, ಸೌತೆಕಯಿ ಅರ್ಧ, ಉರಿ ಇಲ್ಲ, ಮೂರನೇ ವಾರ, ಮಂಗಳವಾರ, ಮೊಟ್ಟೆ ಎರಡು, ಸೌತೆಕಯಿ ಅರ್ಧ — ಮುದ್ರಣಾಲಯದಲ್ಲಿ ಹೊಸ ಹುಡುಗರಿಗೆ ನಾನು ಮೊದಲ ದಿನ ಹೇಳಿಕೊಡುವುದೇ ಇದು, ಹಳೆಯ ಪುಟದಿಂದ ಹೊಸ ಪುಟಕ್ಕೆ ನಕಲು ಮಾಡಿದರೆ ತಪ್ಪೂ ಜೊತೆಯಲ್ಲಿ ಬರುತ್ತದೆ ಕಣ್ರಯ್ಯಾ, ತಪ್ಪಿಗೆ ಟಿಕೆಟ್ಟು ಬೇಡ, ತಪ್ಪು ಕಂಡರೆ ಎಲ್ಲಿಂದ ಕದ್ದದ್ದು ಎಂದು ಗೊತ್ತಾಗುತ್ತದೆ — ನಾಲ್ಕನೇ ವಾರ, ಐದನೇ ವಾರ, ಆದರೆ ಐದನೇ ವಾರದಿಂದ ನಾನು ಸೌತೆಕಾಯಿ ಹಾಕಿಯೇ ಇಲ್ಲ, ತೇಗು ಬರುತ್ತೆ ರೀ ಬೇಡ ಎಂದಿದ್ದಳು, ಅದರ ಬದಲು ಬೀನ್ಸು ಹಾಕಿದೆ, ಎಂಟು ವಾರ ಬೀನ್ಸು ಹಾಕಿದೆ, ಬುಕ್ಕಿನಲ್ಲಿ ಒಂದು ಬೀನ್ಸೂ ಇಲ್ಲ, ಬರೀ ಸೌತೆಕಯಿ, ಮತ್ತು ಪ್ರತಿಯೊಂದರ ಪಕ್ಕದಲ್ಲಿ ಕೆಂಪು ಟಿಕ್, ನನ್ನದು, ಉದ್ದ ಬಾಲದ್ದು, ಸರಿ ಸರಿ ಸರಿ ಎಂದು, ನಾನು ಓದಲಿಲ್ಲ, ಒಂದು ದಿನವೂ ಓದಲಿಲ್ಲ, ಪೊಟ್ಟಣಗಳ ಹಿಂದಿನ ಇರುವೆ ಅಕ್ಷರ ಓದಿದೆ, ಅವಳು ಬರೆದದ್ದನ್ನು ಓದಲಿಲ್ಲ, ಟಿಕ್ ಹಾಕುವುದೇ ಪ್ರೀತಿ ಎಂದುಕೊಂಡೆ, ಆದರೂ ನಾನು ಸುಳ್ಳು ಹೇಳಲಿಲ್ಲವಲ್ಲ, ನಾನು ಅವಳ ಬೆನ್ನ ಹಿಂದೆ ಯಾರ ಜೊತೆಗೂ ನಗಲಿಲ್ಲವಲ್ಲ, ಅವಳು ನನ್ನ ಕಣ್ಣಿಗೆ ಮಣ್ಣೆರಚಿದಳು, ಬೇಕೆಂದೇ, ದಿನಾ ಸಂಜೆ, ಎದುರು ಕೂತು, ಹಾಗಲ್ಲದಿದ್ದರೆ ಇದೇನು, ಒಂಬತ್ತನೇ ವಾರ, ಮಂಗಳವಾರ, ಇಲ್ಲಿ ಅವಳ ಪೆನ್ನು ಎಡವಿದೆ, ಸೌತೆಕಾಯಿ ಎಂದು ಸರಿಯಾಗಿಯೇ ಬರೆದಿದ್ದಾಳೆ, ಬರೆದು, ಕಾ-ದ ಇಳಿಯನ್ನು ಹೊಡೆದುಹಾಕಿದ್ದಾಳೆ, ನೀಟಾಗಿ, ಎರಡು ಸಣ್ಣ ಗೆರೆ, ಮತ್ತೆ ಕಯಿ ಮಾಡಿದ್ದಾಳೆ. ಭಾಷೆಯ ಟೀಚರು ಅವಳು. ನಲವತ್ತು ಮಕ್ಕಳ ನೋಟ್‌ಬುಕ್ಕಿನಲ್ಲಿ ಒಂದು ಇಳಿ ಬಿಟ್ಟರೆ ಸುತ್ತು ಹಾಕಿ ಹತ್ತು ಸಲ ಬರೆಸುತ್ತಾಳೆ. ಗೊತ್ತಿತ್ತು ಅವಳಿಗೆ, ನನ್ನ ತಪ್ಪು ಮೊದಲ ದಿನವೇ ಗೊತ್ತಿತ್ತು, ಗೊತ್ತಿದ್ದೂ ತಿದ್ದಲಿಲ್ಲ, ತನ್ನ ಕೈ ತಾನಾಗಿ ಸರಿ ಬರೆದದ್ದನ್ನೂ ಕೆಡಿಸಿಟ್ಟಳು, ನನ್ನನ್ನು ಅಣಕಿಸಲಿಕ್ಕೋ, ಸ್ಟಾಫ್ ರೂಮಿನಲ್ಲಿ ತೋರಿಸಿ ನಗಲಿಕ್ಕೋ, ನೋಡ್ರೇ, ತಿದ್ದುಪಡಿಯವರ ಸೌತೆಕಯಿ, ಇಲ್ಲಾ, ಇಲ್ಲಾ ಈ ಮನುಷ್ಯ ಒಂದಲ್ಲ ಒಂದು ದಿನ ಓದುತ್ತಾನೆ, ಓದಿದರೆ ಹಿಡಿಯುತ್ತಾನೆ, ಹಿಡಿದರೆ ಕೇಳುತ್ತಾನೆ, ಏನಾಗಿದೆಯೇ ನಿನಗೆ ಎಂದು ಕೇಳುತ್ತಾನೆ ಎಂದು ಕಾದಳೋ, ನನ್ನ ಭಯವನ್ನು ನಾನು ಹೇಳದಿದ್ದ ಹಾಗೆ ತನ್ನದನ್ನು ಅವಳು — ಬಾಗಿಲು ತೆರೆಯಿತು, ನರ್ಸು ತಲೆ ಹೊರಗೆ ಹಾಕಿ, ಸರ್, ಡಾಕ್ಟರ್ ಕರೀತಿದಾರೆ, ಏನೂ ಇಳಿದಿಲ್ವಂತೆ, ಡಯಟ್ ಬುಕ್ಕು ತಗೊಂಡು ಬರಬೇಕಂತೆ, ಎನ್ನುತ್ತಾಳೆ, ಅವಳ ಹಿಂದಿನಿಂದ ಇವಳ ದನಿ, ರೀ, ಬ್ಯಾಗು ಹಾಗೇ ಕೊಟ್ಟುಬಿಡಿ, ನಾನೇ ತೆಗೀತೀನಿ, ದನಿಯಲ್ಲಿ ಪುದೀನ, ಬುಕ್ಕು ಕೊಟ್ಟರೆ ಸುಳ್ಳು ಔಷಧಿ, ಕೊಡದಿದ್ದರೆ ಅವಳ ಮುಖಕ್ಕೆ ಮುಖ ಕೊಡಬೇಕು, ಏಳಬೇಕು, ಏಳುತ್ತಿಲ್ಲ, ಕೆಂಪು ಪೆನ್ನು ಜೇಬಿನಿಂದ ಕೈಗೆ ಬಂದಿದೆ, ತುದಿ ಪುಟದ ಮೇಲೆ ನಿಂತಿದೆ, ಏನೆಂದು ತಿದ್ದಲಿ, ತಪ್ಪು ಬರೆದವನು ನಾನು, ತಪ್ಪನ್ನು ಕಾಪಾಡಿದವಳು ಅವಳು, ಸರ್, ಬನ್ನಿ ಸರ್, ಒಂಬತ್ತನೇ ವಾರ, ಮಂಗಳವಾರ, ಸೌತೆಕಾಯಿ, ಹೊಡೆದುಹಾಕಿದ ಇಳಿ, ಸೌತೆಕಯಿ, ಅದರ ಪಕ್ಕದಲ್ಲಿ ನನ್ನ ಕೆಂಪು ಟಿಕ್