ಅತ್ತೆ ಸ್ವಿಚ್ಚು

ಅತ್ತೆಗೆ ಕೆಲಸ ಸಿಕ್ಕಿದೆ ಎಂದು ನಾನು ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಏನ್ ಕೆಲಸ? ಹೊಲಿಗೇನಾ?"

"ಟೀಚರ್."

ಈಗ ಎತ್ತಿದ. "ಯಾರಿಗೆ?"

ಅತ್ತೆ ಅಪ್ಪನ ತಂಗಿ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಚಿಕ್ಕವಳಿದ್ದಾಗ ಕಿವುಡು ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದು ಕೈಭಾಷೆ ಕಲಿತವಳು. ಆ ಭಾಷೆಯಲ್ಲಿ ಅವಳು ಜಗಳ ಆಡಬಲ್ಲಳು, ಚಾಡಿ ಹೇಳಬಲ್ಲಳು, ಪಕ್ಕದ ಮನೆಯಾಕೆಯ ನಡಿಗೆಯನ್ನು ಅಣಕಿಸಿ ನಗಿಸಬಲ್ಲಳು. ಆದರೆ ನಗಲು ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಅವಳ ಮಡಿಲಲ್ಲೇ ಬೆಳೆದದ್ದರಿಂದ ನನಗೆ ಬಾಯಿಗಿಂತ ಮೊದಲು ಕೈ ಬಂತು. ಅಪ್ಪ ಅಮ್ಮನಿಗೆ ಬರುವುದು ಬಾ, ಹೋಗು, ತಿನ್ನು, ಟೀ, ಇಷ್ಟೇ. ಇಷ್ಟರಲ್ಲೇ ಅವರು ಒಂದು ಜೀವಮಾನ ಸಾಗಿಸಿದ್ದರು.

ಕಿವುಡು ಮಕ್ಕಳ ಕೇಂದ್ರವೊಂದು ಕೈಭಾಷೆ ಕಲಿಸುವವರನ್ನು ಹುಡುಕುತ್ತಿತ್ತು. ಕಲಿಯುವವರು ಮಕ್ಕಳಲ್ಲ, ತಾಯಂದಿರು. ಮಗುವಿಗೆ ಕೇಳಿಸುವುದಿಲ್ಲ ಎಂದು ಆಗಷ್ಟೇ ಗೊತ್ತಾದವರು. ಪಾಠ ವಿಡಿಯೊ ಕರೆಯಲ್ಲಿ. ಕೇಂದ್ರದ ಮೇಡಂ ಅತ್ತೆಗೆ ಒಬ್ಬ ತಾಯಿಯನ್ನು ಕೊಟ್ಟು, ಮೂರು ಪಾಠ ನೋಡಿ ಆಮೇಲೆ ತೀರ್ಮಾನಿಸುತ್ತೇವೆ ಎಂದು ಬರೆದಿದ್ದರು. ಅತ್ತೆ ಆ ಸಂದೇಶವನ್ನು ನನಗೆ ತೋರಿಸಿ, 'ಟೀಚರ್' ಎಂಬ ಪದದ ಮೇಲೆ ಬೆರಳಿಟ್ಟು, ತಮಾಷೆಯಾ ನಿಜವಾ ಎಂದು ಕೇಳಿದಳು.

ಮೊದಲ ಪಾಠವನ್ನು ಹಾಲಿನಲ್ಲಿಟ್ಟುಕೊಂಡೆವು, ರೌಟರ್ ಅಲ್ಲೇ ಇದ್ದದ್ದರಿಂದ. ಕಾಲು ಗಂಟೆ ಚೆನ್ನಾಗಿ ಹೋಯಿತು. ಆಮೇಲೆ ಅಪ್ಪ ಸ್ನಾನ ಮುಗಿಸಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಅತ್ತೆಯ ಬೆನ್ನ ಹಿಂದೆ ಪರದೆಯ ಎಡದಿಂದ ಬಲಕ್ಕೆ ಹೋದ. ಕನ್ನಡಕ ಹುಡುಕುತ್ತಿದ್ದನಂತೆ. ಸಿಗದೆ ಬಲದಿಂದ ಎಡಕ್ಕೂ ಬಂದ. ಆಚೆಗಿದ್ದ ತಾಯಿ ಪಾಪ ಮುಖ ತಿರುಗಿಸಿಕೊಂಡಳು.

"ನನ್ನ ಮನೇಲಿ ನಾನ್ ಓಡಾಡಬಾರ್ದಾ?" ಎಂದ ಅಪ್ಪ. ಬಸ್ ಓಡಿಸಿ ರಿಟೈರ್ ಆದವನು, ದಾರಿ ಬಿಟ್ಟು ಅಭ್ಯಾಸವಿಲ್ಲ.

ಪಾಠವನ್ನು ಅತ್ತೆಯ ಕೋಣೆಗೇ ಸಾಗಿಸಬೇಕಾಯಿತು. ಅದು ಹಿತ್ತಿಲಿನ ಆಚೆ ತುದಿಯಲ್ಲಿದೆ. ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಕಟ್ಟಿಸಿದ್ದು. ಪಾಠಕ್ಕೆ ಬೇಕಾದ ಬಿಳಿ ಗೋಡೆ, ಕಿಟಕಿಯ ಬೆಳಕು ಎಲ್ಲ ಇತ್ತು, ಇಂಟರ್ನೆಟ್ಟೊಂದು ಇರಲಿಲ್ಲ. ಮೊಬೈಲ್ ಸಿಗ್ನಲ್ಲೂ ಅಲ್ಲಿ ಒಂದು ಕಡ್ಡಿಗೆ ಸುಸ್ತಾಗುತ್ತಿತ್ತು. ಕಿವಿಯಿದ್ದವರು ಚಿತ್ರ ನಿಂತರೂ ಮಾತು ಕೇಳಿ ಸುಧಾರಿಸಿಕೊಳ್ಳಬಹುದು. ಇವರಿಗೆ ಚಿತ್ರವೇ ಮಾತು. ಅದು ನಿಂತರೆ ಕೈ ಗಾಳಿಯಲ್ಲಿ ನಿಂತು, ಮಾತು ಅರ್ಧಕ್ಕೆ ಮುರಿಯುತ್ತದೆ.

ಮೊದಲು ವೈಫೈ ರಿಪೀಟರ್ ತಂದು ಅಡುಗೆಮನೆಯ ಕಿಟಕಿಗೆ ಹಾಕಿದೆ. ಕಿಟಕಿಗೂ ಕೋಣೆಗೂ ನಡುವೆ ಸ್ನಾನದ ಮನೆಯ ತಗಡು ಅಡ್ಡ ಬಂತು. ಸಿಗ್ನಲ್ ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂದು ಅಲ್ಲೇ ಕೂತಿತು. ಅಂಗಡಿಯವನು ಅದನ್ನು ವಾಪಸ್ ತೆಗೆದುಕೊಂಡು, ಎರಡು ಬಿಳಿ ಡಬ್ಬಿ ಕೊಟ್ಟ. ಒಂದನ್ನು ರೌಟರ್ ಹತ್ತಿರ ಗೋಡೆಯ ಪ್ಲಗ್ಗಿಗೆ ಚುಚ್ಚಬೇಕು, ಇನ್ನೊಂದನ್ನು ಅತ್ತೆಯ ಕೋಣೆಯ ಪ್ಲಗ್ಗಿಗೆ. ಮನೆಯ ಕರೆಂಟ್ ವೈರಿನೊಳಗೇ ಇಂಟರ್ನೆಟ್ ಹೋಗುತ್ತದೆ.

"ಕರೆಂಟ್ ವೈರಲ್ಲಾ? ಮುಟ್ಟಿದ್ರೆ ಶಾಕ್ ಹೊಡಿಯುತ್ತೋ, ಸಿನಿಮಾ ಬರುತ್ತೋ?" ಎಂದ ಅಪ್ಪ.

"ನೀನು ಮುಟ್ಬೇಡ, ಅಷ್ಟೇ ಸಾಕು."

ಚುಚ್ಚಿದೆ. ಮೂರು ಹಸಿರು ದೀಪ ಹತ್ತಿದವು. ಅತ್ತೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ನೀರಿನ ಹಾಗೆ ಹರಿಯಿತು. ನಾನು ಹಗುರಾಗಿ ಕೆಲಸಕ್ಕೆ ಹೋದೆ. ನನ್ನದು ಕಣ್ಣಿನ ಆಸ್ಪತ್ರೆಯ ಕೌಂಟರ್‌ನಲ್ಲಿ ಕೆಲಸ.

ಎರಡನೆಯ ಪಾಠ ಮೂರು ಸಲ ಕಡಿದುಹೋಯಿತು. ಸಂಜೆ ಮನೆಗೆ ಬಂದಾಗ ಅತ್ತೆ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಮೊಬೈಲನ್ನು ನನ್ನ ಕಡೆ ದೂಡಿದಳು. ಮೇಡಂ ಬರೆದಿದ್ದರು: ಕಲಿಯುವ ತಾಯಿಗೆ ಬೇಸರವಾಗಿದೆ, ಇನ್ನೊಂದು ಪಾಠ ನೋಡುತ್ತೇವೆ, ಆಗಲೂ ಹೀಗಾದರೆ ಬೇರೆಯವರಿಗೆ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅತ್ತೆ ಎಣ್ಣೆ ಒರೆಸಿಕೊಂಡು ಕೈಯಲ್ಲಿ ಹೇಳಿದಳು: "ಬಿಡು. ಹೊಲಿಗೆ ಎಲ್ಲಿಗೂ ಓಡಿಹೋಗಲ್ಲ."

ನನಗೆ ಅಂಗಡಿಯವನ ಮೇಲೆ ಸಿಟ್ಟು ಬಂತು. ಹೋಗಿ ಬಾಯಿಗೆ ಬಂದದ್ದು ಅಂದೆ. ಅವನು ತಣ್ಣಗೆ ಕೇಳಿಸಿಕೊಂಡು, "ಮೇಡಂ, ಬೈಯೋದಾದ್ರೆ ಕೂತ್ಕೊಂಡು ಬೈರಿ," ಎಂದು ಸ್ಟೂಲು ಎಳೆದು, ಬೇರೆ ಜೋಡಿ ಡಬ್ಬಿ ಕೊಟ್ಟ. ಮರುದಿನ ರಜೆ ಹಾಕಿ ಅವನ್ನು ಚುಚ್ಚಿ, ಪರೀಕ್ಷೆಗೆಂದು ಒಂದು ವಿಡಿಯೊ ಹಾಕಿ ಅತ್ತೆಯ ಜೊತೆ ಮಂಚದ ಮೇಲೆ ಕೂತೆ. ಚೆನ್ನಾಗಿಯೇ ಓಡುತ್ತಿತ್ತು.

ತಲೆಯ ಮೇಲಿನ ಬಲ್ಬು ಎರಡು ಸಲ ಆರಿ ಹತ್ತಿತು. ಅತ್ತೆ ಎದ್ದು ಚಪ್ಪಲಿ ಮೆಟ್ಟಿ ಹೊರಟಳು.

ನಾನು ಅದನ್ನು ಗಮನಿಸಲೇ ಇಲ್ಲ. ನಾನು ಹುಟ್ಟುವುದಕ್ಕಿಂತ ಮೊದಲಿನಿಂದ ಈ ಮನೆಯಲ್ಲಿ ಅತ್ತೆಯನ್ನು ಕರೆಯುವುದು ಹೀಗೇ. ಕೂಗಿದರೆ ಕೇಳದು. ಅದಕ್ಕೇ ಅವಳ ಕೋಣೆಯಲ್ಲಿ ಹಗಲೂ ಒಂದು ಬಲ್ಬು ಉರಿಯುತ್ತದೆ. ಆ ಕೋಣೆಗೆ ಹೋಗುವ ಕರೆಂಟಿನ ಸ್ವಿಚ್ಚು ಅಡುಗೆಮನೆ ಬಾಗಿಲ ಪಕ್ಕದಲ್ಲಿದೆ. ಹೆಸರೇ ಅತ್ತೆ ಸ್ವಿಚ್ಚು. ಎರಡು ಸಲ ಆರಿಸಿ ಹತ್ತಿಸಿದರೆ ಬಾ ಎಂದು, ಮೂರು ಸಲವಾದರೆ ಊಟಕ್ಕೆ. ನಮಗೆ ಅದು ಕರೆಂಟ್ ತೆಗೆಯುವುದಲ್ಲ. ಕೂಗುವುದು.

ವಿಡಿಯೊ ನಿಂತು ಚಕ್ರ ತಿರುಗತೊಡಗಿದಾಗ ಡಬ್ಬಿಯ ಕಡೆ ನೋಡಿದೆ. ಮೂರು ದೀಪವೂ ಆರಿದ್ದವು. ನೋಡುತ್ತಿದ್ದಂತೆ ಒಂದು ಹತ್ತಿತು, ತಡೆದು ಇನ್ನೊಂದು. ನಿದ್ದೆಯಿಂದ ಎದ್ದವರ ಹಾಗೆ ಅದು ಮೊದಲಿನಿಂದ ಶುರು ಮಾಡುತ್ತಿತ್ತು.

ಅತ್ತೆ ವಾಪಸ್ ಬಂದಾಗ ಕೇಳಿದೆ: "ಮೊನ್ನೆ ಪಾಠದಲ್ಲೂ ಬಲ್ಬು ಮಿನುಗಿತ್ತಾ?"

"ಹೂಂ. ಅಡುಗೆಮನೆ ಡಬ್ಬಿಯ ಮುಚ್ಚಳ ನಿಮ್ಮಮ್ಮನಿಗೆ ತೆಗಿಯೋಕೆ ಬಂದಿರಲಿಲ್ಲ. ಆಮೇಲೆ ನಿಮ್ಮಪ್ಪನ ಕನ್ನಡಕ. ಆಮೇಲೆ ಟೀ."

"ಪಾಠ ಬಿಟ್ಟು ಎದ್ದು ಹೋದ್ಯಾ?"

ಪೆದ್ದಿಯನ್ನು ನೋಡುವಂತೆ ನನ್ನನ್ನು ನೋಡಿದಳು. ಬಲ್ಬಿನ ಕಡೆ ಬೆರಳು ಮಾಡಿದಳು. "ಕರೆದ್ರು, ಹೋದೆ. ಬರೋಷ್ಟರಲ್ಲಿ ಆಕೆ ಇರಲಿಲ್ಲ. ನಾನು ಎದ್ದು ಹೋದದ್ದಕ್ಕೆ ಸಿಟ್ಟಾಗಿ ಕಟ್ ಮಾಡಿದಳು ಅಂದ್ಕೊಂಡೆ. ಅದಕ್ಕೇ ಯಾರ ಹತ್ರಾನೂ ಹೇಳಲಿಲ್ಲ."

ನಾನು ಸೀದಾ ಅಡುಗೆಮನೆಗೆ ನಡೆದೆ. ಅಮ್ಮ ಒಲೆಯ ಮುಂದಿದ್ದಳು. ವಿಷಯ ಹೇಳಿದೆ.

"ಹಂಗಾದ್ರೆ ಅವಳನ್ನ ಕರಿಯೋದ್ ಹೆಂಗೆ? ಪಟಾಕಿ ಹಚ್ಲಾ?"

"ನಡ್ಕೊಂಡ್ ಹೋಗಿ ಕರಿ."

"ಮಂಡಿ ನಿನ್ನದಾದ್ರೆ ನಡಿಬಹುದು." ಅಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಮುಚ್ಚಳ ತೆಗಿಯೋಕೆ ನನ್ ಬೆರಳಲ್ಲಿ ಜೀವ ಇಲ್ಲ. ಸಿಲಿಂಡರ್ ಉರುಳ್ಸೋಕೆ ನಿಮ್ಮಪ್ಪಂಗೆ ಸೊಂಟ ಇಲ್ಲ. ಅವಳನ್ನ ಬಿಟ್ರೆ ಯಾರನ್ನ ಕರೀಲಿ? ನೀನಂತೂ ಬೆಳಗ್ಗೆ ಹೋದ್ರೆ ಸಂಜೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಬಲ್ಬಿಗೆ ಮಾತ್ರ ಬೇರೆ ವೈರು ಎಳೆಸ್ತೀನಿ. ಪ್ಲಗ್ಗಿಗೆ ಕರೆಂಟ್ ಹೋಗ್ತಾನೇ ಇರುತ್ತೆ," ಎಂದೆ. ಹಿಂದೆಯೇ ಬಂದು ನಿಂತಿದ್ದ ಅತ್ತೆಗೂ ಕೈಯಲ್ಲಿ ಅದನ್ನೇ ಹೇಳಿದೆ.

ಅವಳು ಬೇಡವೆಂದು ತಲೆಯಾಡಿಸಿದಳು. ನಿಧಾನವಾಗಿ, ಅಮ್ಮನಿಗೂ ಅರ್ಥವಾಗಬೇಕೆನ್ನುವ ಹಾಗೆ ದೊಡ್ಡದಾಗಿ ಕೈ ಆಡಿಸಿದಳು.

"ಏನಂತಾಳೆ?"

"ಇಂಟರ್ನೆಟ್ ಹೋಗದಿದ್ರೂ ಬಲ್ಬು ಮಿನುಗಿದ್ರೆ ನನ್ನ ಕಾಲು ತಾನಾಗೇ ಏಳುತ್ತೆ ಅಂತಾಳೆ. ಪಾಠದ ಹೊತ್ತಲ್ಲಿ ಕರೀಲೇಬೇಡಿ ಅಂತ."

ಹಾಲು ಉಕ್ಕಿತು, ಅಮ್ಮ ಒಲೆ ಆರಿಸಿದಳು. ಅತ್ತೆ ಬಟ್ಟೆ ತಂದು ಕಟ್ಟೆ ಒರೆಸಿದಳು. ಆ ಸಂಜೆ ನೋಡಿದರೆ ಸ್ವಿಚ್ಚಿನ ಮೇಲೆ ಅಡ್ಡಡ್ಡ ಟೇಪು ಅಂಟಿಸಿತ್ತು, ಗಾಯಕ್ಕೆ ಹಚ್ಚುವಂಥದ್ದು. ಮನೆಯಲ್ಲಿ ಆ ಟೇಪು ಇದ್ದದ್ದು ಅಮ್ಮನ ಮಾತ್ರೆ ಡಬ್ಬಿಯಲ್ಲಿ ಮಾತ್ರ.

ಮೂರನೆಯ ಪಾಠದ ದಿನ ನಾನು ಅರ್ಧ ದಿನಕ್ಕೇ ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಅಪ್ಪ ಬಂದ.

"ನನ್ ಕನ್ನಡಕ ಎಲ್ಲಿ?"

"ನಂಗೇನ್ ಗೊತ್ತು?"

"ಮಗಳು ಕಣ್ಣಾಸ್ಪತ್ರೇಲಿ, ಅಪ್ಪ ಕುರುಡ," ಎನ್ನುತ್ತಾ ಅವನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಯೋಚಿಸಿ ಹೋದದ್ದಲ್ಲ, ತುರಿಕೆಗೆ ಹೋದ ಹಾಗೆ. ನಾನು ಎದ್ದೆ. ಬೆರಳು ಟೇಪಿಗೆ ತಗುಲಿ ನಿಂತಿತು.

"ಥೂ, ಇದೊಂದು."

"ನಾ ಹುಡುಕಿಕೊಡ್ತೀನಿ, ಇರಪ್ಪ."

"ನಿನಗೆ ಸಿಗಲ್ಲ. ಅವಳಿಗೇ ಗೊತ್ತಿರೋದು." ಚಪ್ಪಲಿ ಮೆಟ್ಟಿ ಹಿತ್ತಿಲಿಗೆ ಇಳಿದ. ತಂಗಿಯ ಕೋಣೆಯವರೆಗೆ ಅವನು ನಡೆದು ಹೋದದ್ದನ್ನು ನಾನು ನೋಡಿದ ನೆನಪಿಲ್ಲ. ತಡೆಯೋಣವೆಂದು ಹಿಂದೆಯೇ ಓಡಿದೆ.

ಅವನು ಬಾಗಿಲಲ್ಲೇ ನಿಂತಿದ್ದ. ಪರದೆಯ ಮೇಲೆ ಆ ತಾಯಿ, ಅವಳ ತೊಡೆಯ ಮೇಲೆ ಮಗು. ಅತ್ತೆ ಕೈಯಲ್ಲಿ ನೀರು ಎಂದಳು. ತಾಯಿ ತಪ್ಪಾಗಿ ಮಾಡಿದಳು. ಅತ್ತೆ ಅವಳ ತಪ್ಪನ್ನೇ ಮಾಡಿ ತೋರಿಸಿ, ಮುಖ ಕಿವುಚಿ, ಅಂಥ ನೀರು ಯಾರು ಕುಡಿಯುತ್ತಾರೆ ಎಂದು ಅಭಿನಯಿಸಿದಳು. ತಾಯಿ ನಕ್ಕಳು. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಕಂಡದ್ದು ತಂಗಿಯ ಕೈ ಮಾತ್ರ ಇರಬೇಕು. ಅವಳ ಕೈ ಅಷ್ಟು ಮಾತಾಡುವುದನ್ನು ಅವನು ನಿಂತು ನೋಡಿದ್ದೇ ಇಲ್ಲ.

ಅತ್ತೆಗೆ ಅವನು ಕಂಡ. ಅಪ್ಪ ಎರಡೂ ಕಣ್ಣಿಗೆ ಬೆರಳನ್ನು ಉಂಗುರ ಮಾಡಿ ಇಟ್ಟ. ಕನ್ನಡಕ.

ಅತ್ತೆ ಅಂಗೈ ಎತ್ತಿ ಅವನ ಕಡೆ ಹಿಡಿದಳು. ಇರು. ಮತ್ತೆ ಪರದೆಯ ಕಡೆ ತಿರುಗಿದಳು.

ಅಪ್ಪ ನನ್ನ ಮುಖ ನೋಡಿದ.

"ಇರು ಅಂದ್ಳು," ಎಂದೆ.

"ಅದು ಅರ್ಥ ಆಯ್ತು ಬಿಡು."

ಅಡುಗೆಮನೆಯಿಂದ ಅಮ್ಮ ಕೂಗಿದಳು, "ರೀ, ಎಲ್ ಸತ್ರಿ? ಟೀ ಆರ್ತಿದೆ!"

"ಇರೇ!" ಎಂದು ಅಪ್ಪ ಕೂಗಿದ. ಕೂಗಿದ್ದೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡು ಒಳಗೆ ನೋಡಿದ. ಯಾರಿಗೂ ಏನೂ ಆಗಿರಲಿಲ್ಲ. ಅತ್ತೆಗೂ ಕೇಳದು, ಮಗುವಿಗೂ ಕೇಳದು, ಲ್ಯಾಪ್‌ಟಾಪಿನ ಮೈಕು ಬಂದ್ ಇದ್ದದ್ದರಿಂದ ಆಚೆಯ ತಾಯಿಗೂ ಕೇಳದು. ಅದು ನೆನಪಾಗಿ, ಪಕ್ಕದ ಮನೆಗೂ ಕೇಳುವಂತೆ ಗಂಟಲು ಬಿಟ್ಟ: "ನನ್ ತಂಗಿ ಪಾಠ ಮಾಡ್ತಿದ್ದಾಳೆ ಕಣೇ!"

"ಹಂಗಾದ್ರೆ ನೀವೇ ಬಂದು ಈ ಮುಚ್ಚಳ ತೆಗೀರಿ!"

ಅಪ್ಪ ಹೋದ. ಡಬ್ಬಿಯನ್ನು ಎದೆಗೊತ್ತಿಕೊಂಡು ತಿರುಗಿಸಿದ, ತೊಡೆಯ ನಡುವೆ ಇಟ್ಟು ತಿರುಗಿಸಿದ, ಮುಚ್ಚಳದ ವಂಶವನ್ನೆಲ್ಲ ಬೈದ. ಅದು ಜಗ್ಗಲಿಲ್ಲ. ಕೊನೆಗೆ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಟೀ ಲೋಟ ಹಿಡಿದುಕೊಂಡು ಹಿತ್ತಿಲಿಗೆ ಬಂದು, ಪಾಠ ಮುಗಿಯುವವರೆಗೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ.