ದಡದಲ್ಲಿ ಕೈ ಬೀಸುವವರು

ಗಂಡನನ್ನು ಎರಡು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಡಾಕ್ಟರೇನೋ ಸಲೀಸಾಗಿ ಹೇಳಿಬಿಟ್ಟರು. ಎಲ್ಲಿಗೆ? ಗಂಡ ರೈಲು ಡ್ರೈವರ್. ಈಗೀಗ ಬಸ್ಸು ಸ್ವಲ್ಪ ಜೋರಾಗಿ ಹೋದರೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೊನೆಗೆ ಅವಳೇ ಹೊಲಿಗೆ ಮಿಶನ್ನಿಗೆ ಹೊದಿಕೆ ಹಾಕಿ, ಬಟ್ಟೆ ಕೊಟ್ಟವರ ಬೈಗುಳಕ್ಕೆ ಕಿವುಡಾಗಿ, ಈ ಹಿನ್ನೀರಿನ ಬೋಟು ಹುಡುಕಿದಳು. ಇದಕ್ಕಿಂತ ನಿಧಾನದ್ದು ಭೂಮಿಯ ಮೇಲೆ ಇನ್ನೊಂದು ಇರಲಿಕ್ಕಿಲ್ಲ. ನೀರಿಗೆ ಬಿದ್ದ ತೆಂಗಿನ ಗರಿಯೊಂದು ಬೋಟನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿತ್ತು.

ಅವನ ರೈಲಿಗೆ ಸಿಕ್ಕಿ ಒಬ್ಬ ಹುಡುಗ ಸತ್ತು ತಿಂಗಳಾಗಿತ್ತು. ಡ್ರೈವರನದೇನೂ ತಪ್ಪಿಲ್ಲ ಎಂದು ವಿಚಾರಣೆಯೂ ಮುಗಿದಿತ್ತು. ಸೋಮವಾರ ಅವನು ಮತ್ತೆ ಎಂಜಿನ್ ಹತ್ತಬೇಕು. ಆದರೆ ಅವನು ನೆಟ್ಟಗೆ ನಿದ್ದೆ ಮಾಡಿ, ನಕ್ಕು ಎಷ್ಟು ದಿನವಾಯಿತು! ಹೂಂ, ಉಹೂಂ ಬಿಟ್ಟರೆ ಬಾಯಿಗೆ ಬೀಗ. ಇಲ್ಲಿಯೂ ಅವನ ಬಾಯಿ ಬಿಡಿಸಲಾಗದಿದ್ದರೆ ತನ್ನ ಗಂಡ ಇನ್ನು ತನಗೆ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಬೇರೆ ಕೆಲಸವೇ ಇಲ್ಲವೇನೋ ಅನ್ನುವ ಹಾಗೆ ದಡದಲ್ಲಿದ್ದವರೆಲ್ಲ ಬೋಟಿಗೆ ಕೈ ಬೀಸುತ್ತಿದ್ದರು. ಪಾತ್ರೆ ತೊಳೆಯುವವರು, ಬಲೆ ಸರಿಮಾಡುವವರು, ಶಾಲೆ ತಪ್ಪಿಸಿದ ಮಕ್ಕಳು. ತಿರುಗಿ ಬೀಸಿ ಬೀಸಿ ಅವಳ ರೆಟ್ಟೆ ಬಿದ್ದುಹೋಯಿತು. ಅವನು ಮಾತ್ರ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಗರ ಬಡಿದವನಂತೆ ಕೂತಿದ್ದ.

"ಸಾರ್‌ಗೆ ನಮ್ಮ ಬೋಟು ಸೇರಲಿಲ್ಲ ಅನ್ಸುತ್ತೆ ಅಕ್ಕಾ," ಎಂದ ಬೋಟಿನವನು.

"ಅವರಿಗೆ ನಾನೇ ಸೇರ್ತಿಲ್ಲ, ಬೋಟು ಯಾವ ಲೆಕ್ಕ!"

ಹಾಗೆಂದು ನಕ್ಕಳಾದರೂ ಅವಳಿಗೆ ಒಳಗೊಳಗೇ ಮೈ ಉರಿಯುತ್ತಿತ್ತು. ಹಳಿ ಪಕ್ಕ ನಿಂತು ಯಾರು ಟಾಟಾ ಮಾಡಿದರೂ ತಿರುಗಿ ಟಾಟಾ ಮಾಡದೆ ಬಿಟ್ಟವನಲ್ಲ ಈ ಮನುಷ್ಯ. ಮಗಳು ಚಿಕ್ಕವಳಿದ್ದಾಗ ಅವಳು ಮಗುವನ್ನು ಎತ್ತಿಕೊಂಡು ರೈಲ್ವೆ ಗೇಟಿನ ಹತ್ತಿರ ಕಾಯುತ್ತಿದ್ದಳು. ಎಂಜಿನ್ನಿನ ಕಿಟಕಿಯಲ್ಲಿ ಆ ಕೈ ಕಂಡರೆ ಸಾಕು, ತಾಯಿ ಮಗಳಿಬ್ಬರಿಗೂ ಹೊಟ್ಟೆ ತುಂಬುತ್ತಿತ್ತು.

ದಡದಲ್ಲಿ ಮುದುಕನೊಬ್ಬ ಕೋಲೂರಿ ನಿಂತು ಕೈ ಎತ್ತಿದ.

"ರೀ, ಅಷ್ಟು ವಯಸ್ಸಾದವರು ಕೈ ಬೀಸ್ತಿದಾರೆ. ನಿಮಗೇನು ದೊಡ್ಡ ರೋಗ?" ಎಂದವಳೇ ಅವನ ಬಲಗೈಯನ್ನು ಎಳೆದು, ಮಣಿಕಟ್ಟು ಹಿಡಿದು ಮೇಲೆತ್ತಿದಳು.

ಬೆಂಕಿ ಮುಟ್ಟಿದವನಂತೆ ಅವನು ಕೈ ಕಿತ್ತುಕೊಂಡ. "ಬಿಡೇ! ಅವನೂ ಹೀಗೇ ಬೀಸಿದ ಕಣೇ!"

"ಯಾರು?"

"ಆ ಹುಡುಗ. ಹಳಿ ಪಕ್ಕ ನಿಂತಿದ್ದ. ನಗ್ತಾ ಕೈ ಬೀಸಿದ. ನಾನೂ ಬೀಸಿದೆ. ಆಮೇಲೆ ಹಳಿ ಮೇಲೆ ಬಂದು ನಿಂತ. ವಿಚಾರಣೇಲಿ ಬ್ರೇಕ್ ಹಾಕಿದ್ಯಾ ಅಂತ ಕೇಳಿದ್ರು, ಹಾಕಿದ್ದೆ. ಹಾರ್ನ್ ಹೊಡೆದ್ಯಾ ಅಂದ್ರು, ಹೊಡೆದೆ ಅಂದೆ. ಹೊಡೆದದ್ದು ಆಮೇಲೆ ಕಣೇ. ಹೊಡೀಬೇಕಾದ ಹೊತ್ತಲ್ಲಿ ಈ ಕೈ ಕಿಟಕಿ ಆಚೆ ಟಾಟಾ ಮಾಡ್ತಿತ್ತು."

"ಹೊಡೆದಿದ್ರೂ ಬರೋನು ಬಂದೇ ಬರ್ತಿದ್ದ ರೀ. ಸಾಯ್ಬೇಕು ಅಂತಾನೇ ನಿಂತಿದ್ದೋನು."

"ಇರಬಹುದು. ಬೆಚ್ಚಿ ಹಿಂದೆ ಸರೀತಿದ್ನೇನೋ. ಯಾರಿಗೆ ಗೊತ್ತು?"

ಅವನು ಆ ಕೈಯನ್ನು ಮತ್ತೆ ತೊಡೆಯ ಕೆಳಗೆ ತುರುಕಿಕೊಂಡ.

ಬೋಟು ತಿರುವು ದಾಟಿತು. ಅಲ್ಲಿ ಹೆಂಗಸೊಬ್ಬಳು ಸೊಂಟದವರೆಗೆ ನೀರಿನಲ್ಲಿ ನಿಂತು ಬಟ್ಟೆ ಜಾಲಿಸುತ್ತಿದ್ದಳು. ಬೋಟು ಕಂಡದ್ದೇ ಮುಖ ಅರಳಿಸಿ ಕೈ ಬೀಸಿದಳು.

"ನಮ್ಮನೆಯವಳು," ಎಂದು ಬೋಟಿನವನು ಹಲ್ಲು ಕಿರಿದ. "ತಿರುಗಿ ಬೀಸದೇ ಇದ್ರೆ ಮನೇಲಿ ಊಟ ಇಲ್ಲ." ಹಿಡಿದಿದ್ದ ಚಕ್ರ ಬಿಟ್ಟು ಅವನೂ ಕೈ ಎತ್ತಿದ.

"ಹಾರ್ನ್!" ಗಂಡ ಕಿರುಚಿದ. "ಹಾರ್ನ್ ಹೊಡಿಯೋ!"

ಎದ್ದವನೇ ಬೋಟಿನವನನ್ನು ಆಚೆ ದಬ್ಬಿ ಹಾರ್ನ್ ಒತ್ತಿದ. ಒತ್ತಿದ ಕೈ ತೆಗೆಯಲಿಲ್ಲ. ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು. ಹೆಂಗಸಿನ ಮುಖದ ನಗು ಆರಿಹೋಯಿತು. ಬಟ್ಟೆಯನ್ನೆಲ್ಲ ನೀರುಪಾಲು ಮಾಡಿ, ಬಿದ್ದು ಎದ್ದು ದಡ ಹತ್ತಿ ಅವಳು ಮನೆಯ ಕಡೆ ಓಡಿದಳು. ಅವಳು ಬಾಗಿಲು ಹಾಕಿಕೊಂಡ ಮೇಲೆಯೇ ಅವನು ಕೈ ತೆಗೆದದ್ದು.

"ಏನ್ ಸಾರ್ ಇದು, ಪಾಪ ಅವಳು..." ಎನ್ನುತ್ತ ಬೋಟಿನವನು ಕಣ್ಣು ಬಾಯಿ ಬಿಟ್ಟ.

ಗಂಡ ಹೆಂಡತಿಯತ್ತ ತಿರುಗಿದ. ತಿಂಗಳ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗು ಇತ್ತು. ಪರೀಕ್ಷೆ ಪಾಸಾದ ಮಗುವಿನ ನಗು.

"ಈ ಸಲ ಹೊಡೆದೆ, ನೋಡಿದ್ಯಾ?"

"ಹೂಂ ರೀ," ಎಂದಳು. "ಸರಿಯಾದ ಹೊತ್ತಿಗೆ ಹೊಡೆದ್ರಿ."

ಅಯ್ಯೋ, ಈ ನಗು ಕಾಣಲೆಂದೇ ಅಲ್ಲವೇ ಅವಳು ಇಷ್ಟು ದೂರ ಬಂದದ್ದು! ಸೋಮವಾರ ಅವನು ಎಂಜಿನ್ ಹತ್ತುತ್ತಾನೆ ಎಂಬ ಆಸೆಯನ್ನು ಅವಳು ಅಲ್ಲೇ ಕೈಬಿಟ್ಟಳು.

ಮರುದಿನ ಅದೇ ದಾರಿಯಲ್ಲಿ ವಾಪಸು ಬರುವಾಗ ಆ ದಡದಲ್ಲಿ ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ಎದ್ದ ಬೋಟಿನವನ ಕೈ, ಗಂಡನ ಮುಖ ಕಂಡು ಕೆಳಗಿಳಿಯಿತು. ಮುಂದಿನ ದಡದಲ್ಲಿ ಮಕ್ಕಳು ಕುಣಿದು ಕುಪ್ಪಳಿಸಿ ಟಾಟಾ ಮಾಡಿದರು. ಅವಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತಳು.