ಹಿಮದಡಿಯ ಹಕ್ಕಿಗಳು

ಮೆಟ್ಟಿಲ ಮೇಲೆ ಜಾರಿ ಸೊಂಟ ಉಳುಕಿಸಿಕೊಂಡ ಹಿಲ್ಕಾ ಎಂಟು ದಿನ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಹೋಗುವಾಗ ನೆರೆಮನೆಯ ಓಯಿವಾನಿಗೆ ಹೇಳಿದ್ದು ಒಂದೇ ಮಾತು: "ಹಕ್ಕಿಗಳಿಗೆ ಕಾಳು ಹಾಕ್ತಿರು." ಅದೇ ವಾರ ಲಾಪ್‌ಲ್ಯಾಂಡಿನ ಚಳಿ ಸೊನ್ನೆಗಿಂತ ನಲವತ್ತೊಂದು ಡಿಗ್ರಿ ಕೆಳಗಿಳಿಯಿತು. ಓಯಿವಾನ ಹಿಮಸಾರಂಗಗಳು ಬೇಲಿ ಮುರಿದು ಕಾಡು ಸೇರಿದವು. ಅವುಗಳ ಹಿಂದೆ ಅಲೆದವನಿಗೆ ಕಾಳಿನ ನೆನಪೇ ಆಗಲಿಲ್ಲ.

ಅವಳನ್ನು ಮನೆಗೆ ಕರೆತರುವಾಗ, ಕಾರಿನಲ್ಲಿ, ಅರ್ಧ ದಾರಿ ಸವೆದ ಮೇಲೆ ಅವನು ಬಾಯಿಬಿಟ್ಟ.

"ಮರೆತೋಯ್ತು ಹಿಲ್ಕಾ. ಒಂದು ದಿನವೂ ಹಾಕಿಲ್ಲ."

ಹಿಲ್ಕಾ ಕಿಟಕಿಯಾಚೆ ನೋಡಿದಳು. ಹನ್ನೆರಡು ಗ್ರಾಂ ತೂಗದ ಜೀವಗಳು. ಹದಿನೆಂಟು ಗಂಟೆಯ ಕತ್ತಲು.

"ನಿನ್ನ ಹಿಮಸಾರಂಗ ಸಿಕ್ಕಿದ್ವಾ?" ಎಂದಳು.

"ಸಿಕ್ಕಿದ್ವು. ಬೈಯೋದಿದ್ರೆ ಬೈದುಬಿಡು ಮಾರಾಯ್ತಿ, ಹೀಗೆ ಮಾತು ತಿರುಗಿಸಬೇಡ."

ಅಂಗಳ ನಿಶ್ಶಬ್ದವಾಗಿತ್ತು. ಕಾಳಿನ ತಟ್ಟೆಯ ಮೇಲೆ ಗೇಣುದ್ದ ಹಿಮ. ಓಯಿವಾ ಬೇಡವೆಂದರೂ ಕೇಳದೆ ಹಿಲ್ಕಾ ಕೋಲೂರಿಕೊಂಡು ಅತ್ತ ಹೊರಟಳು. ನಾಲ್ಕನೆಯ ಹೆಜ್ಜೆಗೆ ಕಾಲ ಬಳಿಯ ಹಿಮ ಒಡೆಯಿತು. ಪುರ್ರನೆ ಒಂದು ಹಕ್ಕಿ ಹಾರಿತು. ಅದರ ಬೆನ್ನಿಗೇ ಐದು, ಹತ್ತು. ನೋಡನೋಡುತ್ತಿದ್ದಂತೆ ಅಂಗಳವೆಲ್ಲ ತೂತುಬಿದ್ದು, ಕೆಂಪು ನೆತ್ತಿಯ ಪುಟಾಣಿ ಹಕ್ಕಿಗಳು ಹಿಮದ ಪುಡಿ ಕೊಡವುತ್ತ ಬರ್ಚ್ ಮರಕ್ಕೇರಿ ಕುಳಿತು, ಏನೂ ನಡೆದೇ ಇಲ್ಲವೆಂಬಂತೆ ಅದರ ಬೀಜ ಕುಕ್ಕತೊಡಗಿದವು.

ಅರವತ್ತು ವರ್ಷ ಹಿಮ ತುಳಿದ ಓಯಿವಾ ಮಂಡಿಯೂರಿ, ಒಂದು ತೂತಿನೊಳಗೆ ಮೊಣಕೈವರೆಗೆ ತೋಳು ತೂರಿಸಿದ.

"ಸುರಂಗ ಕಣೇ! ಒಳಗೆ ಚಳಿ ಕಚ್ಚೋದೇ ಇಲ್ಲ!"

ಹಿಲ್ಕಾ ಸ್ಪ್ರೂಸ್ ಮರವನ್ನು ನೋಡುತ್ತಿದ್ದಳು. ಕಂದು ನೆತ್ತಿಯ ಇನ್ನೊಂದು ಹಕ್ಕಿ ತೊಗಟೆಯ ಸಂದಿಗೆ ಕೊಕ್ಕು ಹಾಕಿ ಸೂರ್ಯಕಾಂತಿ ಬೀಜವೊಂದನ್ನು ಎಳೆದು ತೆಗೆಯಿತು. ಆ ಊರಲ್ಲಿ ಸೂರ್ಯಕಾಂತಿ ಬೆಳೆಯುವುದಿಲ್ಲ. ಶರತ್ಕಾಲದಲ್ಲಿ ಅವಳೇ ಹಾಕಿದ್ದು.

"ಬಚ್ಚಿಟ್ಟಿದ್ದಾವೆ," ಎಂದಳು. "ನಾನೇ ಇವುಗಳ ಜೀವ ಉಳಿಸ್ತಿದೀನಿ ಅಂದ್ಕೊಂಡಿದ್ದೆ, ಓಯಿವಾ."

"ಹಾಗಾದ್ರೆ ಇನ್ಮೇಲೆ ಹಾಕಲ್ವಾ?"

"ಮನೆಗೆ ಬಂದೋರಿಗೆ ಕಾಫಿ ಕೊಡದೆ ಕಳಿಸ್ತೀಯಾ ನೀನು? ಹೋಗು, ಚೀಲ ತಾ."

ಅವನು ಚೀಲ ತಂದ. ತಟ್ಟೆ ತುಂಬಿಸಿದ ಮೇಲೂ ಒಳಗೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಕೈಗವಸು ಕಳಚಿ, ಅಂಗೈಯಲ್ಲಿ ನಾಲ್ಕು ಕಾಳಿಟ್ಟುಕೊಂಡು ತೋಳು ಚಾಚಿದ.

"ಹುಚ್ಚಪ್ಪ, ಬೆರಳು ಉದುರಿಹೋಗುತ್ತೆ!"

"ಶ್... ಬಂತು."

ಹಕ್ಕಿ ಅವನ ಹೆಬ್ಬೆರಳ ಮೇಲೆ ಕೂತಿತ್ತು. ತೂಕವೇ ಇರಲಿಲ್ಲ. ಉಗುರು ಮಾತ್ರ ಚುಚ್ಚುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.